ಅಕ್ಕನ ಅಳತೆಯ ಕಟ್ಟೆ

4 ಜನವರಿ 1987, ಭಾನುವಾರ

ಅಕ್ಕಾ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ಭಾವ "ಮೊಂಡಿಯ ಕಾಗದ ಬಂತು" ಎಂದು ಕೂಗಿರುತ್ತಾರೆ. ನೀನು "ಯಾವ ಮೊಂಡಿ?" ಎಂದಿರುತ್ತೀಯ. ಮೂರು ವರ್ಷ ಒಂದು ಸಾಲೂ ಬರೆಯದವಳಿಗೆ ಅಷ್ಟಾದರೂ ಆಗಬೇಕು. ಭಾವ, ದಯವಿಟ್ಟು ಜೋರಾಗಿ ಓದಿ. ಅಕ್ಕ ಮುಖ ತಿರುಗಿಸಿಕೊಂಡು ಎದ್ದು ಹೋದರೂ ಓದುತ್ತಲೇ ಇರಿ. ನಿಮ್ಮ ಮನೆ ಏನು ಅಷ್ಟು ದೊಡ್ಡದೇ, ಎಲ್ಲಿ ಕೂತರೂ ಕೇಳಿಸುತ್ತದೆ.

ವಿಷಯ ಇಷ್ಟೇ. ನಮ್ಮ ಅಡುಗೆಮನೆಯನ್ನು ಒಡೆಸಿ ಹೊಸದಾಗಿ ಮಾಡಿಸುತ್ತಿದ್ದೇನೆ. ಹೊಸದು ಎಂದರೆ ಅರಮನೆಯೇನಲ್ಲ. ಗೋಡೆ ನಾಲ್ಕೂ ಅವೇ, ಮೇಲಿನ ತಾರಸಿ ಅದೇ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೂತು ಎರಡು ವರ್ಷ ಓವರ್‌ಟೈಮ್ ಹೊಲಿದ ದುಡ್ಡಿದೆ, ಅಷ್ಟರಲ್ಲೇ ಎಲ್ಲ ಮುಗಿಯಬೇಕು. ನಮ್ಮನೆಯವರು "ಸುಣ್ಣ ಹೊಡೆದ್ರೆ ಸಾಕಲ್ವಾ?" ಎಂದರು. ಬಸ್ ಡಿಪೋದ ಮೆಕ್ಯಾನಿಕ್‌ಗೆ ಎಲ್ಲವೂ ಒಂದು ಬಳಿತದಲ್ಲಿ ಸರಿಹೋಗುತ್ತದೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನೀನೇ ನೋಡಿದ್ದೀಯಲ್ಲ ಅದರ ಅವಸ್ಥೆ. ಅಂಗೈ ಅಗಲದ ಕಿಟಕಿ, ನಡು ಮಧ್ಯಾಹ್ನವೂ ದೀಪ ಹಾಕದಿದ್ದರೆ ಉಪ್ಪು ಯಾವುದು ಸಕ್ಕರೆ ಯಾವುದು ತಿಳಿಯುವುದಿಲ್ಲ. ಕಟ್ಟೆ ನಮ್ಮತ್ತೆಯ ಕಾಲದ್ದು. ಅವರ ಮನೆಯವರೆಲ್ಲ ದೀಪದ ಕಂಬಗಳು, ಕಟ್ಟೆಯೂ ಅವರಿಗೆ ತಕ್ಕ ಎತ್ತರ. ನೀನು ಬಂದಿದ್ದ ಆ ಒಂದು ತಿಂಗಳು ಸೋಡಾ ಬಾಟಲಿಯ ಮರದ ಪೆಟ್ಟಿಗೆ ಬೋರಲು ಹಾಕಿ, ಅದರ ಮೇಲೆ ಹತ್ತಿ ನಿಂತು ಅಡುಗೆ ಮಾಡಿದೆ.

ನೀನು ಹೊರಟುಹೋದ ಆ ದಿನದ ವಿಷಯ ಬರೆಯಲು ಕೂತಿಲ್ಲ ಅಕ್ಕಾ. ನನಗೆ ಬೇಕಾದದ್ದು ಸಲಹೆ. ಸಿಂಕ್ ಎಲ್ಲಿಡಲಿ? ಒಲೆ ಎಲ್ಲಿಡಲಿ? ನಿನ್ನನ್ನು ಕೇಳದೆ ಅಡುಗೆಮನೆಯಲ್ಲಿ ನಾನು ಏನು ಮಾಡಿ ಗೊತ್ತು? ಬೈದಾದರೂ ಸರಿ, ಬರೆಸು.

ನಿನ್ನ ಮೊಂಡಿ


11 ಜನವರಿ 1987

ಮಗು,

ನಿನ್ನ ಕಾಗದ ಮೊನ್ನೆ ಬಂತು. ನೀನು ಹೇಳಿದ ಹಾಗೆ ಜೋರಾಗಿಯೇ ಓದಿದೆ. ಕೇಳಲು ಯಾರೂ ಇರಲಿಲ್ಲ.

ನಿನ್ನಕ್ಕ ಹೋಗಿಬಿಟ್ಟಳು. ಡಿಸೆಂಬರ್ ಹದಿನಾರರ ಬೆಳಿಗ್ಗೆ, ಆಸ್ಪತ್ರೆಯಲ್ಲಿ. ಹೊಟ್ಟೆಯಲ್ಲಿ ಗಡ್ಡೆ ಎಂದರು, ಐದು ತಿಂಗಳು ಒದ್ದಾಡಿದಳು. ನಿನಗೆ ತಿಳಿಸುತ್ತೇನೆಂದು ಎಷ್ಟು ಸಲ ಹೇಳಿದೆನೋ. "ಕಾಯಿಲೆ ತೋರಿಸಿ ಕರೆಸಿಕೊಂಡ್ರೆ ಅದೇನ್ ದೊಡ್ಡಸ್ತಿಕೆ? ಮನಸ್ಸಿದ್ರೆ ಬರ್ತಾಳೆ ಬಿಡಿ" ಎನ್ನುತ್ತಿದ್ದಳು. ಎಲ್ಲ ಮುಗಿದ ಮೇಲೆ ನಿನಗೆ ಬರೆಯಲು ದಿನವೂ ಕೂತೆ. ನನ್ನದು ಅಂಗಡಿಗಳ ಬೋರ್ಡು ಬರೆಯುವ ಕಸುಬು. ನಲವತ್ತು ವರ್ಷದಿಂದ ಬೇರೆಯವರು ಹೇಳಿದ್ದನ್ನು ಬರೆದಿದ್ದೇನೆ. ಅಕ್ಷರ ಕಲಿಯದ ನಿನ್ನಕ್ಕ ಹೇಳಿದ್ದನ್ನೂ ಬರೆದಿದ್ದೇನೆ. ಹೇಳುವವರು ಯಾರೂ ಇಲ್ಲದಾಗ ಏನು ಬರೆಯಬೇಕೋ ತಿಳಿಯಲಿಲ್ಲ.

ಹತ್ತೊಂಬತ್ತು ದಿನ ಮಗು. ಅವಳು ಹೋಗಿ ಹತ್ತೊಂಬತ್ತು ದಿನಕ್ಕೆ ನೀನು ಪೆನ್ನು ಹಿಡಿದೆ. ಮೂರು ವರ್ಷ ಸುಮ್ಮನಿದ್ದವಳು ಮೂರು ವಾರ ಮೊದಲು ಬರೆಯಬಾರದಿತ್ತೇ? ಹೀಗೆ ಕೇಳುವುದು ತಪ್ಪೆಂದು ಗೊತ್ತು. ಆದರೂ ನಿನ್ನ ಮೇಲೆ ಸಿಟ್ಟು ಬಂತು.

ಓದಿ ನೋಡಿದೆ. ಇದನ್ನು ಕಳಿಸಲಾರೆ. ಈ ಸಿಟ್ಟು ನಿನ್ನ ಕೈಗೆ ಸಿಗುವುದು ಬೇಡ. ಡ್ರಾಯರಿನಲ್ಲೇ ಇರಲಿ, ನಾಳೆ ಬೇರೆ ಬರೆಯುತ್ತೇನೆ.

ಭಾವ


13 ಜನವರಿ 1987

ಮೊಂಡಿಗೆ,

ಅಕ್ಕ ಹೇಳಿದ್ದು, ಭಾವ ಬರೆದದ್ದು.

"ಮೂರು ವರ್ಷ ಆದ್ಮೇಲೆ ನೆನಪಾಯ್ತಾ? ಅದೂ ಸಿಂಕ್ ಎಲ್ಲಿಡ್ಲಿ ಅಂತ ಕೇಳೋಕೆ! ಇರ್ಲಿ. ಸಿಂಕ್ ಕಿಟಕಿ ಕೆಳಗೇ ಇಡ್ಸು. ಪಾತ್ರೆ ತೊಳೆಯೋವಾಗ ಮನುಷ್ಯರಿಗೆ ಹೊರಗೆ ನೋಡೋಕೆ ಏನಾದ್ರೂ ಬೇಕು, ಇಲ್ದಿದ್ರೆ ತಲೆ ಕೆಡುತ್ತೆ. ಒಲೆ ಬಾಗಿಲಿಗೆ ಎದುರು ಬೇಡ, ಗಾಳಿಗೆ ಉರಿ ನಿಲ್ಲಲ್ಲ. ಹಳೇ ಮರ ಅಂತ ಎಲ್ಲಾ ಎಸೆದುಬಿಡ್ಬೇಡ. ಹೊಸ ಹಲಗೆ ಎರಡು ವರ್ಷಕ್ಕೆ ನೀರು ಕುಡಿದು ಊದ್ಕೊಳ್ಳುತ್ತೆ. ಮೇಸ್ತ್ರಿಗೆ ಪೂರ್ತಿ ದುಡ್ಡು ಮೊದಲೇ ಕೊಟ್ಯೋ, ಅವನ ಮುಖ ಮರ್ತುಬಿಡು."

ಇನ್ನು ಇದು ನಾನು. ಇಲ್ಲಿ ಎಲ್ಲ ಹೀಗೇ ನಡೆಯುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಬೇಜಾರು ಮಾಡಿಕೊಳ್ಳಬೇಡ.

ಭಾವ


24 ಜನವರಿ 1987

ಅಕ್ಕಾ,

ಕಾಗದವನ್ನು ಎಷ್ಟು ಸಲ ಓದಿದೆನೆಂದು ಕೇಳಬೇಡ. ಬಟ್ಟೆ ಕೋಣೆಯವರೆಲ್ಲ ನಗುತ್ತಿದ್ದಾರೆ. "ನಿಮ್ಮಕ್ಕ ಬೈದಿದ್ದಕ್ಕೆ ಇಷ್ಟು ಖುಷಿನಾ?" ಎಂದು ನನ್ನ ಪಕ್ಕದ ಮೆಷಿನ್ನಿನವಳು ಕೇಳಿದಳು. ಅವಳಿಗೇನು ಗೊತ್ತು. ನೀನು ಬೈಯುವುದನ್ನು ಬಿಟ್ಟರೆ ಮಾತ್ರ ನಾನು ಹೆದರಬೇಕು.

ಕೆಲಸ ಶುರುವಾಗಿದೆ. ಮೇಸ್ತ್ರಿಗೆ ಏನು ಹೇಳಿದರೂ "ಆಮೇಲೆ ನೋಡೋಣಮ್ಮಾ" ಎನ್ನುತ್ತಾನೆ, ಅದಕ್ಕೇ ನಾವು ಅವನಿಗೆ ಆಮೇಲೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದೇವೆ. ಆದರೆ ಕೈ ಒಳ್ಳೆಯದು. ಕಿಟಕಿಯನ್ನು ಎರಡು ಕಡೆಯೂ ಒಂದೊಂದು ಮೊಳ ಅಗಲ ಮಾಡಿದ. ಹಿಂದಿನ ಮನೆಯ ಗೋಡೆ, ಅವರು ಒಣಹಾಕಿದ ಬಟ್ಟೆ, ಒಂದು ನುಗ್ಗೆ ಗಿಡ, ಇಷ್ಟು ಕಾಣುತ್ತದೆ. ನಿನ್ನ ಮಾತಿನಂತೆ ಸಿಂಕ್ ಅಲ್ಲಿಗೇ. ಆಸ್ಪತ್ರೆಯಲ್ಲಿ ಹಳೆಯ ಬೀರುಗಳನ್ನು ಹರಾಜು ಹಾಕಿದರು, ಅವುಗಳ ಆರು ಬಾಗಿಲು ಅಗ್ಗಕ್ಕೆ ಸಿಕ್ಕವು. ಗಟ್ಟಿ ಮರ, ಬಣ್ಣ ಮಾತ್ರ ಕಾಯಿಲೆ ಹಸಿರು. ಟೈಲ್ಸನ್ನು ಅಂಗಡಿಯವನ ಗೋದಾಮಿನಲ್ಲಿ ಒಡೆದ ಡಬ್ಬಗಳಿಂದ ಆರಿಸಿ ತಂದೆ. ಎಲ್ಲ ಬಿಳಿಯೇ, ಆದರೆ ನಾಲ್ಕು ಥರದ ಬಿಳಿ. ನಲ್ಲಿ, ಪೈಪು ನಮ್ಮನೆಯವರೇ ಭಾನುವಾರ ಭಾನುವಾರ ಜೋಡಿಸುತ್ತಾರೆ. ಬಸ್ಸಿನ ಹಾಗೆ ಅಲ್ಲಲ್ಲಿ ಸೋರುತ್ತದೆ, ಹೇಳಿದರೆ ಸಿಟ್ಟು. ಸದ್ಯಕ್ಕೆ ಅಡುಗೆ ನಡುಮನೆಯ ಮೂಲೆಯಲ್ಲಿ, ಸೀಮೆಎಣ್ಣೆ ಸ್ಟೌವಿನ ಮೇಲೆ. ದಿಂಬಿಗೂ ಈರುಳ್ಳಿ ವಾಸನೆ.

ಈಗ ಮುಖ್ಯ ಪ್ರಶ್ನೆ. ಕಟ್ಟೆಗೆ ಕಾಂಕ್ರೀಟ್ ಹಾಕುವ ಮೊದಲು ಎತ್ತರ ಹೇಳಬೇಕು. ನಿನಗೆ ಕೈ ಎತ್ತದೆ, ಬೆನ್ನು ಬಗ್ಗಿಸದೆ ಕೆಲಸ ಮಾಡಲು ಎಷ್ಟು ಎತ್ತರ ಹಿತ? ಭಾವ ಟೇಪು ಹಿಡಿದು ಅಳತೆ ಬರೆಯಲಿ. ಸುಮಾರಾಗಿ ಬೇಡ, ಸರಿಯಾಗಿ.

ಮೊಂಡಿ


1 ಫೆಬ್ರವರಿ 1987

ಮೊಂಡಿಗೆ,

ಅಕ್ಕ ಹೇಳಿದ್ದು, ಭಾವ ಬರೆದದ್ದು.

"ನನ್ನ ಅಳತೆ ತಗೊಂಡು ನೀನೇನ್ ಮಾಡ್ತೀಯಾ? ನನಗೆ ಇಪ್ಪತ್ತೆಂಟು ಇಂಚು ಸಾಕು. ನೀನು ನನಗಿಂತ ಒಂದು ಗೇಣು ಜಾಸ್ತಿನೇ ಇದೀಯ. ಮೂವತ್ತಮೂರೋ ಮೂವತ್ತನಾಲ್ಕೋ ಇಡ್ಸು. ನಾಲ್ಕು ಥರದ ಬಿಳಿ ಅಂತ ಕೊರಗ್ಬೇಡ, ಎಣ್ಣೆ ಹೊಗೆ ಹತ್ತಿ ಆರು ತಿಂಗಳಿಗೆ ಎಲ್ಲಾ ಒಂದೇ ಬಣ್ಣ ಆಗುತ್ತೆ. ನಿನ್ನ ಗಂಡನ್ನ ಪೈಪಿನ ಹತ್ರ ಬಿಡ್ಬೇಡ."

ಇದು ನಾನು. ಇಪ್ಪತ್ತೆಂಟು ಎಂಬುದು ನಮ್ಮ ಮನೆಯ ಕಟ್ಟೆಯ ಎತ್ತರ. ನಮ್ಮ ಮದುವೆಯಾದ ವರ್ಷ ನಾನೇ ಅವಳನ್ನು ನಿಲ್ಲಿಸಿ, ಮೊಣಕೈಯಿಂದ ಒಂದು ಗೇಣು ಕೆಳಗೆ ಗುರುತು ಹಾಕಿ ಕಟ್ಟಿಸಿದ್ದು. ಆಗ ನಿನಗೆ ಎಂಟು ವರ್ಷ. ಅವಳ ಜೊತೆಯೇ ಈ ಮನೆಗೆ ಬಂದಿದ್ದೆ, ಆ ಕಟ್ಟೆಯ ಮೇಲೆ ಕೂತೇ ಊಟ ಮಾಡುತ್ತಿದ್ದೆ.

ಭಾವ


10 ಫೆಬ್ರವರಿ 1987

ಅಕ್ಕಾ,

ಇಪ್ಪತ್ತೆಂಟು ಎಂದರೆ ಇಪ್ಪತ್ತೆಂಟೇ. ನನಗೆ ಮೊಂಡಿ ಎಂದು ಹೆಸರಿಟ್ಟವಳು ನೀನು, ಈಗ ಅನುಭವಿಸು. ಕಿಟಕಿಗೆ ಚೌಕಟ್ಟು ಕೂಡಿಸಿದ್ದಾಯಿತು. ನೆಲಕ್ಕೆ ಈಗ ಏನೂ ಮಾಡಿಸುವುದಿಲ್ಲ, ದುಡ್ಡು ಅಷ್ಟು ದೂರ ಬರುವುದಿಲ್ಲ. ಉಳಿದದ್ದು ಮುಂದಿನ ಕಾಗದದಲ್ಲಿ.

ಮೊಂಡಿ

(ಜೊತೆಗಿಟ್ಟ ಚೀಟಿ)

ಭಾವ, ಈ ಚೀಟಿಯನ್ನು ಅಕ್ಕನಿಗೆ ಓದಿ ಹೇಳಬೇಡಿ.

ಅಡುಗೆಮನೆ ಮಾಡಿಸುತ್ತಿರುವುದು ಅಕ್ಕನಿಗಾಗಿ. ನನಗೆ ಆ ಹಳೆಯ ಕಟ್ಟೆ ಸರಿಯಾಗಿಯೇ ಇತ್ತು. ಅವಳು ಬಂದು ಒಂದು ತಿಂಗಳು, ಎರಡು ತಿಂಗಳು, ಇಷ್ಟವಿದ್ದಷ್ಟು ದಿನ ಇರಬೇಕು. ಪೆಟ್ಟಿಗೆ ಹತ್ತದೆ ನಿಲ್ಲಬೇಕು. ಬರೀ "ಬಾ" ಎಂದು ಬರೆದರೆ ಅವಳು ಬರುವವಳಲ್ಲ, ಬರೆಯಲು ನನಗೂ ಮುಖವಿಲ್ಲ. ಎಲ್ಲ ಆದ ಮೇಲೆ ಹೇಳುತ್ತೇನೆ.

ಆ ದಿನ ಏನಾಯಿತೆಂದು ಅವಳು ನಿಮಗೆ ಹೇಳಿರದೆಯೂ ಇರಬಹುದು. ನಾನು ಟೈಫಾಯಿಡಿನಿಂದ ಎದ್ದು ವಾರವಾಗಿತ್ತು. ಬಟ್ಟೆ ಕೋಣೆಯವರು ನೋಡಲು ಬಂದಿದ್ದರು. ಅಕ್ಕ ಅವರೆದುರು, "ಇವಳಿಗೆ ಇನ್ನೂ ಅನ್ನ ಬಸಿಯೋಕೂ ಬರಲ್ಲ, ನಾನೇ ಬರಬೇಕು" ಎಂದು ನಕ್ಕಳು. ತಮಾಷೆಯ ಮಾತು. ನನಗೆ ಎಲ್ಲಿತ್ತೋ ಸಿಟ್ಟು. "ಸಾಕಿದ್ದಕ್ಕೆ ಇನ್ನೂ ಎಷ್ಟು ವರ್ಷ ಬಾಡಿಗೆ ವಸೂಲಿ ಮಾಡ್ತೀಯಾ?" ಎಂದುಬಿಟ್ಟೆ. ಎಲ್ಲರೂ ಕೇಳಿಸಿಕೊಂಡರು. ಅಕ್ಕ ಪೆಟ್ಟಿಗೆಯಿಂದ ಮೆಲ್ಲಗೆ ಇಳಿದಳು. "ಉಪ್ಪು ಇನ್ನೂ ಹಾಕಿಲ್ಲ, ನೋಡ್ಕೋ" ಎಂದು ಹೇಳಿ ಚೀಲ ತುಂಬಿಕೊಂಡು ಹೋದಳು. ಅದೇ ಕೊನೆಯ ಮಾತು.

ಫೆಬ್ರವರಿ 22, ಭಾನುವಾರ ಕಾಂಕ್ರೀಟ್ ಹಾಕುತ್ತಾರೆ. ಅಷ್ಟರೊಳಗೆ ಅಳತೆಯನ್ನು ಇನ್ನೊಮ್ಮೆ ನೋಡಿ ತಿಳಿಸಿ. ಒಂದು ಸಲ ಹಾಕಿದ ಮೇಲೆ ಒಡೆಸಿ ಮತ್ತೆ ಹಾಕಿಸುವ ಶಕ್ತಿ ನನಗಿಲ್ಲ.


16 ಫೆಬ್ರವರಿ 1987

ಮಗು,

ಇಂದು ಎಲ್ಲವನ್ನೂ ಬರೆದೆ. ಎರಡು ಪುಟ. ಅಂಟಿಸಿ, ಸ್ಟಾಂಪು ಹಚ್ಚಿ, ಅಂಚೆ ಡಬ್ಬದವರೆಗೆ ಹೋದೆ. ಡಬ್ಬದ ಬಾಯಿಗೆ ಕಾಗದ ಅರ್ಧ ತೂರಿಸಿದ್ದೆ. ಹಿಂದಿನಿಂದ ಕಿರಾಣಿ ಅಂಗಡಿಯವನು "ಏನ್ ಸಾರ್, ನಾದಿನಿಗಾ?" ಎಂದ. ಹೌದೆಂದು ತಲೆಯಾಡಿಸಿ, ಕಾಗದವನ್ನು ಹಿಂದಕ್ಕೆಳೆದು ಜೇಬಿಗಿಟ್ಟುಕೊಂಡು ಬಂದೆ. ಅವನು ನನ್ನನ್ನು ಹುಚ್ಚನೆಂದುಕೊಂಡಿರಬೇಕು.

ಮೊದಮೊದಲು ನಾನು ನಿನ್ನನ್ನು ದುಃಖದಿಂದ ಉಳಿಸುತ್ತಿದ್ದೇನೆಂದುಕೊಂಡೆ. ನಿಜ ಬೇರೆ. ನಿನ್ನ ಕಾಗದ ಬಂದ ದಿನ ಈ ಮನೆಯಲ್ಲಿ ಮಾತು ಕೇಳಿಸುತ್ತದೆ. ನೀನು ಕೇಳುತ್ತೀಯ, ಅವಳಾಗಿದ್ದರೆ ಏನನ್ನುತ್ತಿದ್ದಳೆಂದು ನಾನು ಯೋಚಿಸುತ್ತೇನೆ, ನನಗೆ ಕೇಳಿಸುತ್ತದೆ. ನಿನ್ನ ಗಂಡನ ಪೈಪಿನ ವಿಷಯ ಬರೆಯುವಾಗ ಒಬ್ಬನೇ ಕೂತು ನಕ್ಕುಬಿಟ್ಟೆ. ನಿನಗೆ ಹೇಳಿದ ದಿನ ಅವಳು ಇನ್ನೊಂದು ಸಲ ಹೋಗುತ್ತಾಳೆ. ಅದು ನನ್ನಿಂದಾಗುತ್ತಿಲ್ಲ.

ಆದರೆ ಇಪ್ಪತ್ತೆರಡನೇ ತಾರೀಖು ನೀನು ಸತ್ತವಳ ಅಳತೆಗೆ ಕಾಂಕ್ರೀಟ್ ಹಾಕಿಸುತ್ತೀಯ. ನಿನ್ನ ಎರಡು ವರ್ಷದ ಹೊಲಿಗೆ ಅದು. ಅದನ್ನಾದರೂ ತಡೆಯಬೇಕು.

ಇದೂ ಡ್ರಾಯರಿಗೆ.

ಭಾವ


17 ಫೆಬ್ರವರಿ 1987

ಮೊಂಡಿಗೆ,

ಅಕ್ಕ ಹೇಳಿದ್ದು, ಭಾವ ಬರೆದದ್ದು.

"ಹಠ ಮಾಡ್ಬೇಡ ಕಣೆ. ದಿನಾ ಅಲ್ಲಿ ನಿಲ್ಲೋಳು ನೀನು. ನಿನ್ನ ಎತ್ತರಕ್ಕೇ ಹಾಕ್ಸು. ಬಗ್ಗಿ ಬಗ್ಗಿ ಬೆನ್ನು ಮುರ್ಕೊಂಡ್ರೆ ಯಾರು ನೋಡ್ತಾರೆ? ನಾನು ಅಲ್ಲಿಗೆ ಬರೋದೂ ಇಲ್ಲ, ನಿಲ್ಲೋದೂ ಇಲ್ಲ. ನನ್ನ ಲೆಕ್ಕ ಬಿಟ್ಟುಬಿಡು."

ಮಗು, ಇದು ನಾನು. ದಯವಿಟ್ಟು ಈ ಮಾತು ಕೇಳು. ನಿನ್ನ ಅಳತೆಗೇ ಹಾಕಿಸು.

ಭಾವ


3 ಮಾರ್ಚ್ 1987

ಅಕ್ಕಾ,

ನಿನ್ನ ಕಾಗದ ಕಾಂಕ್ರೀಟ್ ಹಾಕುವ ಹಿಂದಿನ ದಿನವೇ, ಶನಿವಾರ ಬಂತು. ಓದಿ ನಗು ಬಂತು. ಭಾವ ಗುಟ್ಟು ಬಿಟ್ಟುಕೊಟ್ಟಿದ್ದಾರೆ ಎಂದು ಆಗಲೇ ತಿಳಿಯಿತು. ಇಲ್ಲದಿದ್ದರೆ "ನಾನು ಅಲ್ಲಿಗೆ ಬರೋದೂ ಇಲ್ಲ" ಎಂದು ನೀನೇಕೆ ಹೇಳುತ್ತಿದ್ದೆ? ನಿನ್ನ ಬಿಂಕ ನನಗೆ ಗೊತ್ತಿಲ್ಲವೇ. "ಬರಲ್ಲ" ಎಂದು ನೀನು ಬಾಯಿಬಿಟ್ಟು ಹೇಳಿದೆಯೆಂದರೆ ಮನಸ್ಸಿನಲ್ಲಿ ಅರ್ಧ ದಾರಿ ಬಂದಿದ್ದೀಯ ಎಂದರ್ಥ. ಅದಕ್ಕೇ ಭಾನುವಾರ ಆಮೇಲೆ ಮೇಸ್ತ್ರಿಯ ಪಕ್ಕದಲ್ಲೇ ನಿಂತು, ಟೇಪು ನಾನೇ ಹಿಡಿದು, ಇಪ್ಪತ್ತೆಂಟು ಇಂಚಿಗೇ ಹಾಕಿಸಿದೆ. ಮೇಸ್ತ್ರಿ "ಅಮ್ಮಾ, ನಿಮಗೆ ಕಷ್ಟ ಆಗುತ್ತೆ" ಎಂದ. ಮೊದಲ ಸಲ ಅವನು "ಆಮೇಲೆ ನೋಡೋಣ" ಎನ್ನಲಿಲ್ಲ.

ಹದಿನೈದು ದಿನ ನೀರು ಕಟ್ಟಿ ನಿಲ್ಲಿಸಬೇಕಂತೆ. ನಾನು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಗೋಣಿಚೀಲ ನೆನೆಸುತ್ತೇನೆ. ಬಾಗಿಲುಗಳಿಗೆ ಬಣ್ಣ ಹೊಡೆದಾಯಿತು, ತಿಳಿ ಹಳದಿ. ಬೆಳಿಗ್ಗೆ ಎಂಟಕ್ಕೆ ಕಿಟಕಿಯಿಂದ ಬಿಸಿಲು ನೇರ ಸಿಂಕಿಗೆ ಬೀಳುತ್ತದೆ. ಏಪ್ರಿಲ್ ಮೊದಲ ವಾರ ನೀವಿಬ್ಬರೂ ಬರಬೇಕು.

ಅದಕ್ಕೆ ಮೊದಲು ಒಂದು ಮಾತು. ಸಿಂಕು, ಟೈಲ್ಸು ಎಂದು ಸುತ್ತಿ ಬಳಸಿ ಬರೆದದ್ದು ಸಾಕು. ಅಕ್ಕಾ, ಆ ದಿನ ನಾನು ಅಂದದ್ದು ತಪ್ಪು. ನಿನಗೆ ನೋವಾಗಲೇಬೇಕೆಂದು, ಎಲ್ಲಿ ಹೊಡೆದರೆ ಹೆಚ್ಚು ನೋವೋ ಅಲ್ಲೇ ನೋಡಿ ಹೊಡೆದೆ. ಮೂರು ವರ್ಷ ಬರೆಯದಿದ್ದದ್ದು ಅಹಂಕಾರದಿಂದಲ್ಲ, ನಾಚಿಕೆಯಿಂದ. ಅಲ್ಲ, ಅಹಂಕಾರವೂ ಇತ್ತು. ನೀನು ಇಷ್ಟೆಲ್ಲ ಬುದ್ಧಿ ಹೇಳಿದೆ, ಬೈದೆ, ಆ ಮಾತನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ. ಕ್ಷಮಿಸಿದ್ದೀಯಾ ಅಕ್ಕಾ? ಹೌದೋ ಇಲ್ಲವೋ, ಒಂದೇ ಸಾಲು ಬರೆಸು. ಬೇರೇನೂ ಬೇಡ.

ಮೊಂಡಿ


12 ಮಾರ್ಚ್ 1987

ಮಗು,

ಇದನ್ನು ಕೂತು ಓದು. ನಿನ್ನ ಗಂಡ ಮನೆಯಲ್ಲಿದ್ದಾಗ ಓದು.

ನಿನ್ನಕ್ಕ ಹೊಟ್ಟೆಯಲ್ಲಿ ಗಡ್ಡೆಯಾಗಿ, ಐದು ತಿಂಗಳು ನರಳಿ, ಡಿಸೆಂಬರ್ ಹದಿನಾರರಂದು ತೀರಿಕೊಂಡಳು. ನಿನ್ನ ಮೊದಲ ಕಾಗದ ಬಂದಾಗ ಅವಳು ಇರಲಿಲ್ಲ. ಆಮೇಲೆ ನಿನಗೆ ಬಂದ ಉತ್ತರಗಳನ್ನೆಲ್ಲ ನಾನೇ ಬರೆದೆ. ಸಿಂಕಿನ ಮಾತು, ಬೈಗುಳ, ಎಲ್ಲವೂ ನನ್ನದು.

ಈ ಸಲವೂ ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಕೂತೆ. "ಕ್ಷಮಿಸಿದೀನಿ ಬಿಡೇ" ಎಂದು ಬರೆಯಲು ಎಷ್ಟು ಹೊತ್ತು? ಆಗಲಿಲ್ಲ. ಬೇರೆ ಎಲ್ಲವನ್ನೂ ಅವಳ ಹೆಸರಿನಲ್ಲಿ ಬರೆದೆ, ಇದನ್ನು ಬರೆಯುವ ಹಕ್ಕು ನನಗಿಲ್ಲ. ಇದನ್ನು ಅವಳೇ ಹೇಳಬೇಕಿತ್ತು.

ನಿನಗೆ ನಿಜ ಸಲ್ಲಬೇಕು, ಅದಕ್ಕೇ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಕಾಯಿಲೆಯ ಐದು ತಿಂಗಳಲ್ಲಿ ಅವಳು ನಿನಗೆ ನಾಲ್ಕು ಸಲ ಕಾಗದ ಬರೆಸಿದಳು. ನಾನು ಹಾಸಿಗೆಯ ಪಕ್ಕ ಕೂತು ಬರೆದೆ. ಪ್ರತಿ ಸಲವೂ ಮುಗಿದ ಮೇಲೆ ಓದಿಸಿಕೊಂಡು, "ಬೇಡ, ಹರಿದುಹಾಕಿ. ಎಷ್ಟಾದ್ರೂ ನಾನು ದೊಡ್ಡೋಳು. ಮೊದಲು ಅವಳು ಬರೀಲಿ" ಎಂದಳು. ಅವಳು ಹೇಳಿದ ಹಾಗೆ ಹರಿದೆ. ಹರಿಯಬಾರದಿತ್ತು. ಆ ಕಾಗದಗಳಲ್ಲಿ ನೀನು ಅಂದ ಮಾತಿನ ಸುದ್ದಿಯೇ ಇರಲಿಲ್ಲ, ನೋವಾಯಿತೆಂದೂ ಇಲ್ಲ, ಮರೆತೆನೆಂದೂ ಇಲ್ಲ. ಚಳಿಗೆ ಕಿವಿ ಮುಚ್ಚಿಕೋ, ಹೊಲಿಯುವಾಗ ದೀಪ ಹತ್ತಿರವಿಟ್ಟುಕೋ, ಅಂಥದ್ದೇ. ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಕಟ್ಟೆಯ ವಿಷಯ ಮೊದಲೇ ಗೊತ್ತಿದ್ದೂ ತಡೆಯಲಿಲ್ಲ. ತಡೆಯಲು ನಿಜವನ್ನೇ ಹೇಳಬೇಕಿತ್ತು. ಅದರ ಬದಲು ಇನ್ನೊಂದು ಸುಳ್ಳು ಬರೆದೆ, ಆ ಸುಳ್ಳನ್ನೇ ನೀನು ಅವಳ ಬಿಂಕವೆಂದುಕೊಂಡೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಭಾವ


20 ಮಾರ್ಚ್ 1987

ಭಾವ,

ಕಾಗದ ಸಿಕ್ಕಿತು. ಇನ್ನು ಮುಂದೆ ನನಗೆ ಬರೆಯಬೇಡಿ.


30 ಏಪ್ರಿಲ್ 1987

ಮಗು,

ಬರೆಯಬೇಡ ಎಂದಿದ್ದೀಯ. ಆದ್ದರಿಂದ ಇದು ನಿನಗೆ ತಲುಪುವುದಿಲ್ಲ.

ಡಿಸೆಂಬರಿನಿಂದ ಈ ಮನೆಯಲ್ಲಿ ಒಲೆ ಹಚ್ಚಿಲ್ಲ. ಬೆಳಿಗ್ಗೆ ಚಹಾದ ಅಂಗಡಿ, ಮಧ್ಯಾಹ್ನ ಸಿಕ್ಕಿದ್ದು, ರಾತ್ರಿ ಬ್ರೆಡ್ಡು. ಅಡುಗೆಮನೆಗೆ ನೀರು ಕುಡಿಯಲು ಮಾತ್ರ ಹೋಗುತ್ತೇನೆ. ಕಳೆದ ವಾರ ಬೇಕರಿಯೊಂದರ ಬೋರ್ಡು ಬರೆಯುವಾಗ ಒಂದಕ್ಷರ ಬಿಟ್ಟೆ. ನಲವತ್ತು ವರ್ಷದಲ್ಲಿ ಮೊದಲ ಸಲ. ಬೇಕರಿಯವನು ಪೂರ್ತಿ ದುಡ್ಡೇ ಕೊಟ್ಟ, ಅದೇ ಹೆಚ್ಚು ಅವಮಾನವಾಯಿತು.

ದಿನವೂ ಅಂಚೆಯವನ ದಾರಿ ನೋಡುತ್ತೇನೆ. ನೀನೇ ಬರೆಯಬೇಡ ಎಂದ ಮೇಲೆ ನಾನಾಗಿ ಬರೆಯುವುದು ಸರಿಯಲ್ಲ. ನಿನಗೇ ಮನಸ್ಸು ಬಂದು ಮೊದಲು ಬರೆಯುವವರೆಗೆ ಕಾಯುತ್ತೇನೆ.

ಭಾವ


7 ಜೂನ್ 1987, ಭಾನುವಾರ

ಭಾವ,

ಎರಡೂವರೆ ತಿಂಗಳಾಯಿತು. ಹೇಗಿದ್ದೀರಿ ಎಂದು ಕೇಳುವುದಿಲ್ಲ. ಅಕ್ಕ ಇಲ್ಲದ ಮನೆಯಲ್ಲಿ ಹೇಗಿರುತ್ತೀರೆಂದು ನನಗೆ ಗೊತ್ತು.

ನಿಮ್ಮ ಮೇಲೆ ನನಗೆ ಬಂದಷ್ಟು ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಅಕ್ಕ ಸತ್ತದ್ದಕ್ಕೆ ಅಳಬೇಕಾದ ಎರಡು ತಿಂಗಳು ನಾನು ಟೈಲ್ಸ್ ಆರಿಸುತ್ತ ಹಾಡು ಹೇಳಿಕೊಂಡು ಓಡಾಡಿದೆ. ಆ ಎರಡು ತಿಂಗಳನ್ನು ನೀವು ನನ್ನಿಂದ ಕಿತ್ತುಕೊಂಡಿರಿ. ಕಾಗದ ಓದಿದ ಮಾರನೆಯ ದಿನ ಆಮೇಲೆ ಮೇಸ್ತ್ರಿಯನ್ನು ಕರೆಸಿದೆ, ಕಟ್ಟೆ ಒಡೆದು ಹಾಕು ಎಂದೆ. ಅವನು ಸುತ್ತಿಗೆ ತಂದ. ಒಡೆದು ಮತ್ತೆ ಹಾಕಲು ಎಷ್ಟಾಗುತ್ತದೆಂದು ಹೇಳಿದ. ನನ್ನ ಹತ್ತಿರ ಅದರ ಕಾಲುಭಾಗವೂ ಇರಲಿಲ್ಲ. ಅವನು ಸುತ್ತಿಗೆ ಹಿಡಿದು ಹಾಗೇ ನಿಂತ, ನಾನು ನೆಲದ ಮೇಲೆ ಕೂತು ಅತ್ತೆ. ಕೊನೆಗೆ ಅವನೇ ಚಹಾ ಮಾಡಿಕೊಟ್ಟು ಹೋದ. ದುಡ್ಡಿದ್ದಿದ್ದರೆ ಒಡೆಸುತ್ತಿದ್ದೆನೇ? ನನಗೆ ಗೊತ್ತಿಲ್ಲ.

ಈಗ ದಿನವೂ ಬಗ್ಗಿ ಅಡುಗೆ ಮಾಡುತ್ತೇನೆ. ಅರ್ಧ ಗಂಟೆಗೆ ಸೊಂಟ ಹಿಡಿಯುತ್ತದೆ. ಒಲೆಯ ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸುತ್ತೇನೆಂದು ನಮ್ಮನೆಯವರು ಹೇಳಿದರು. ಬೇಡವೆಂದೆ. ಅದು ಪ್ರೀತಿಯೋ ಶಿಕ್ಷೆಯೋ ಎಂದು ಅವರು ಕೇಳಲಿಲ್ಲ, ಕೇಳಿದ್ದರೆ ಹೇಳಲು ನನಗೂ ಬರುತ್ತಿರಲಿಲ್ಲ.

ನಿಮ್ಮ ಕಾಗದಗಳನ್ನು ಹರಿದುಹಾಕಬೇಕೆಂದು ತೆಗೆದೆ. ಓದಿದೆ. ಇದರಲ್ಲಿ ಅಕ್ಕ ಯಾವಾಗಲೋ ನಿಜವಾಗಿ ಆಡಿದ ಮಾತು ಯಾವುದು, ನೀವು ಕಟ್ಟಿದ್ದು ಯಾವುದು ಎಂದು ಹುಡುಕುತ್ತ ಕೂತೆ. ಗೊತ್ತಾಗಲಿಲ್ಲ. ಅಷ್ಟು ಚೆನ್ನಾಗಿ ನೀವು ಅವಳನ್ನು ಬಲ್ಲಿರಿ. ಹಾಗಾದರೆ ಮೊದಲಿನಿಂದಲೂ ನನಗೆ ಬರುತ್ತಿದ್ದ ಬೈಗುಳದಲ್ಲಿ ನಿಮ್ಮದೆಷ್ಟು? ಮದುವೆಯಾಗಿ ಈ ಊರಿಗೆ ಬಂದ ಮೇಲೆ ನನ್ನನ್ನು ಬೈದವರು, ಸಮಾಧಾನ ಹೇಳಿದವರು ನೀವಿಬ್ಬರೂ ಇರಬೇಕು. ನಿಮಗಾಗಿ ಒಂದು ದಿನವೂ ನಾನು ಕಾಗದ ಬರೆದಿರಲಿಲ್ಲ. "ಭಾವ ಚೆನ್ನಾಗಿದ್ದಾರಾ" ಎಂದು ಕೊನೆಯ ಸಾಲಿನಲ್ಲಿ ಕೇಳಿ ಮುಗಿಸುತ್ತಿದ್ದೆ. ಅದಕ್ಕೂ ಉತ್ತರ ಅಕ್ಕನೇ ಹೇಳುತ್ತಿದ್ದಳು.

ಅಕ್ಕ ಕ್ಷಮಿಸಿದಳೋ ಇಲ್ಲವೋ ಇನ್ನು ಯಾರಿಂದಲೂ ತಿಳಿಯುವುದಿಲ್ಲ. ಅದನ್ನು ಹೊತ್ತುಕೊಂಡೇ ಇರಬೇಕು, ಇರುತ್ತೇನೆ. ಕ್ಷಮಿಸಿದಳೆಂಬ ಆ ಒಂದು ಸಾಲನ್ನು ಮಾತ್ರ ನೀವು ಸುಳ್ಳು ಬರೆಯಲಿಲ್ಲ. ಬರೆದಿದ್ದರೆ ನಾನು ನಂಬಿ ಸುಖವಾಗಿ ಇದ್ದುಬಿಡುತ್ತಿದ್ದೆ. ಅದಕ್ಕಾಗಿ ನಿಮ್ಮನ್ನು ಬೈಯಬೇಕೋ ಏನು ಮಾಡಬೇಕೋ ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ.

ಸಿಟ್ಟು ಇಳಿದಿಲ್ಲ ಭಾವ. ಇಳಿದ ಮೇಲೆ ಬರೆಯೋಣ ಎಂದುಕೊಂಡು ಒಂದು ಸಲ ಮೂರು ವರ್ಷ ಕಳೆದೆ. ಅಲ್ಲಿ ಅವಳೂ ಹಾಗೇ ಕಳೆದಳು. ಅದಕ್ಕೇ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನೀವು ಬನ್ನಿ. ಬಂದರೆ ನಾನು ಮಾತಾಡಿಸುತ್ತೇನೋ ಇಲ್ಲವೋ ಹೇಳಲಾರೆ, ಮೊದಲೆರಡು ದಿನ ಊಟ ಬಡಿಸಿ ಆಚೆ ಹೋಗಿಬಿಡಬಹುದು. ಆದರೂ ಬನ್ನಿ.

ಬರುತ್ತೀರೋ ಇಲ್ಲವೋ ಉತ್ತರ ಬರೆಯಿರಿ. ನಿಮ್ಮದೇ ಮಾತಿನಲ್ಲಿ ಬರೆಯಿರಿ.

ಮೊಂಡಿ